ಆರ್ಡುಯಿನೋ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗುಲಿಯಲ್ಲಿ ಹೈಸ್ಕೂಲು ಮತ್ತು ಡಿಪ್ಲೊಮಾ ಮಕ್ಕಳಿಗೆ ಆರ್ಡುಯಿನೋ ಹೇಳಿಕೊಡುತ್ತೇನೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಫೋನ್ ಮಾಡುವವರೂ ಅವನ್ನೇ ಕೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಓದಲೇಬೇಕು ಅಂತೇನಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆ ನೋಡಿಕೊಂಡು ಅಲ್ಲಿಗೇ ಹೋಗಿ.

ಆರ್ಡುಯಿನೋ ಅಂದ್ರೆ ಏನು?

ಎರಡು ಸೇರಿ ಆರ್ಡುಯಿನೋ. ಒಂದು, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಎಲೆಕ್ಟ್ರಾನಿಕ್ ಬೋರ್ಡು. ಇನ್ನೊಂದು, ಆ ಬೋರ್ಡಿಗೆ ಪ್ರೋಗ್ರಾಂ ಬರೆದು ಕಳಿಸಲು ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಸಾಫ್ಟ್‌ವೇರ್. ಬೋರ್ಡಿನ ಮೇಲೆ ಒಂದು ಮೈಕ್ರೋಕಂಟ್ರೋಲರ್, ಅಂದರೆ ಪ್ರೋಗ್ರಾಂ ಓಡಿಸುವ ಪುಟ್ಟ ಚಿಪ್ಪು ಇರುತ್ತದೆ. ಅಕ್ಕಪಕ್ಕ ಸಾಲಾಗಿ ಪಿನ್ನುಗಳಿರುತ್ತವೆ. ಆ ಪಿನ್ನುಗಳಿಗೆ ಬಟನ್, ಸೆನ್ಸರ್, ಎಲ್‌ಇಡಿ, ಮೋಟಾರು ಸಿಕ್ಕಿಸುತ್ತೇವೆ. "ಕತ್ತಲಾದರೆ ಲೈಟ್ ಹಾಕು", "ನೀರು ಈ ಮಟ್ಟಕ್ಕೆ ಬಂದರೆ ಬಝರ್ ಕೂಗಿಸು" ಅಂತ ಬರೆದು ಕಳಿಸಿದರೆ ಮುಗಿಯಿತು. ಆಮೇಲೆ ಕಂಪ್ಯೂಟರ್ ತೆಗೆದಿಟ್ಟರೂ ಬೋರ್ಡು ತನ್ನ ಪಾಡಿಗೆ ಅದನ್ನು ಮಾಡುತ್ತಲೇ ಇರುತ್ತದೆ.

ಈ ಹೆಸರು ಎಲ್ಲಿಂದ ಬಂತು? ಮಾಡಿದವರು ಯಾರು?

ಇಟಲಿಯ ಉತ್ತರದಲ್ಲಿ ಇವ್ರೆಯಾ ಅಂತ ಒಂದು ಪುಟ್ಟ ಊರಿದೆ. ಒಲಿವೆಟ್ಟಿ ಟೈಪ್‌ರೈಟರ್ ಹುಟ್ಟಿದ ಊರು ಅದೇ. ಅಲ್ಲಿನ ಒಂದು ಡಿಸೈನ್ ಶಾಲೆಯಲ್ಲಿ 2005ರಲ್ಲಿ ಇದು ಶುರುವಾಯಿತು. ಮಾಸ್ಸಿಮೋ ಬಾಂಜಿ, ಡೇವಿಡ್ ಕ್ವಾರ್ತಿಯೆಯೆಸ್, ಟಾಮ್ ಐಗೋ, ಜಾನ್‌ಲೂಕಾ ಮಾರ್ಟಿನೋ, ಡೇವಿಡ್ ಮೆಲಿಸ್ ಈ ಐದು ಜನ ಕಟ್ಟಿದವರು. ಆ ಶಾಲೆಯ ಮಕ್ಕಳು ಎಂಜಿನಿಯರುಗಳಲ್ಲ, ವಿನ್ಯಾಸ ಕಲಿಯಲು ಬಂದವರು. ಆಗ ಸಿಗುತ್ತಿದ್ದ ಬೋರ್ಡುಗಳು ಅವರಿಗೆ ದುಬಾರಿ, ಬಳಸಲೂ ಕಷ್ಟ. ಕಡಿಮೆ ದುಡ್ಡಿನಲ್ಲಿ, ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದವರೂ ಬಳಸುವಂಥದ್ದು ಬೇಕಿತ್ತು.

ಊರಿನಲ್ಲಿ ಇವರೆಲ್ಲ ಸೇರುತ್ತಿದ್ದ ಒಂದು ಬಾರ್ ಇತ್ತು. ಅದಕ್ಕೆ 1002ರಲ್ಲಿ ಇಟಲಿಯ ರಾಜನಾದ ಆರ್ಡುಯಿನ್ ಎಂಬಾತನ ಹೆಸರು. ಬಾರಿನ ಹೆಸರೇ ಬೋರ್ಡಿಗೂ ಬಂತು.

ಇಲ್ಲಿ ಇನ್ನೊಂದು ಹೆಸರನ್ನು ಹೇಳಲೇಬೇಕು: ಎರ್ನಾಂಡೋ ಬರಗಾನ್. ಕೊಲಂಬಿಯಾ ದೇಶದ ಈ ವಿದ್ಯಾರ್ಥಿ ಅದೇ ಶಾಲೆಯಲ್ಲಿ 2003ರಲ್ಲಿ ತನ್ನ ಸ್ನಾತಕೋತ್ತರ ಪದವಿಗಾಗಿ 'ವೈರಿಂಗ್' ಎಂಬ ಬೋರ್ಡು ಮತ್ತು ಸಾಫ್ಟ್‌ವೇರ್ ಕಟ್ಟಲು ಶುರು ಮಾಡಿದ. ಇವತ್ತು ನಾವು ಆರ್ಡುಯಿನೋದಲ್ಲಿ ಬರೆಯುವ ಎಷ್ಟೋ ಆಜ್ಞೆಗಳು ವೈರಿಂಗ್‌ನಿಂದಲೇ ಬಂದಿದ್ದು. ಪ್ರೋಗ್ರಾಂ ಬರೆಯುವ ಕಿಟಕಿಯ ರೂಪ ಅದಕ್ಕೂ ಹಿಂದಿನದು. ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರು ಮಾಡಿದ 'ಪ್ರೊಸೆಸಿಂಗ್' ಅದರ ಮೂಲ. ಆರ್ಡುಯಿನೋ ಕಥೆ ಹೇಳುವಾಗ ಬರಗಾನ್ ಹೆಸರು ಬಿಟ್ಟುಹೋಗುವುದೇ ಜಾಸ್ತಿ. ನನ್ನ ಮಕ್ಕಳಿಗೆ ನಾನು ಮೊದಲ ದಿನವೇ ಹೇಳುತ್ತೇನೆ.

ಓಪನ್ ಸೋರ್ಸ್ ಅಂದ್ರೆ ಪುಕ್ಕಟೆ ಅಂತಲಾ?

ಸಾಫ್ಟ್‌ವೇರ್ ಪುಕ್ಕಟೆ, ನಿಜ. ಬೋರ್ಡಿಗೆ ದುಡ್ಡು ಕೊಡಬೇಕು. ಓಪನ್ ಅನ್ನುವ ಮಾತಿನ ಅರ್ಥ ಬೆಲೆಯಲ್ಲಿಲ್ಲ. ಒಳಗೆ ಏನಿದೆ ಅಂತ ನೋಡುವ, ನೋಡಿ ತಿದ್ದುವ, ತಿದ್ದಿ ಹಂಚುವ ಹಕ್ಕು ನಿಮ್ಮದು ಅಂತ ಅರ್ಥ.

ಆರ್ಡುಯಿನೋದ ಯುನೋ ಎಂಬ ಬೋರ್ಡನ್ನೇ ತೆಗೆದುಕೊಳ್ಳಿ. ಅದರ ಸರ್ಕ್ಯೂಟ್ ನಕ್ಷೆ ಆರ್ಡುಯಿನೋ ತಾಣದಲ್ಲೇ ಸಿಗುತ್ತದೆ. ಇಳಿಸಿಕೊಂಡು, ಪ್ರಿಂಟ್ ತೆಗೆದು, ಬೋರ್ಡನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡಬಹುದು. ಪಿನ್ 13ರಿಂದ ಹೊರಟ ಗೆರೆ ಎಲ್ಲಿಗೆ ಹೋಗಿ ಆ ಪುಟ್ಟ ಎಲ್‌ಇಡಿ ಸೇರುತ್ತದೆ ಅಂತ ಬೆರಳಿಟ್ಟು ಹಿಂಬಾಲಿಸಬಹುದು. ಸಾಫ್ಟ್‌ವೇರಿನ ಮೂಲ ಕೋಡೂ ಹಾಗೆಯೇ ತೆರೆದಿದೆ. ಪಿನ್ ಆನ್ ಮಾಡುವ 'ಡಿಜಿಟಲ್‌ರೈಟ್' ಎಂಬ ಆಜ್ಞೆಯ ಒಳಗೆ ಏನು ನಡೆಯುತ್ತದೆ ಅಂತ ಫೈಲ್ ತೆರೆದು ಓದಿಬಿಡಬಹುದು. ಮನೆಯಲ್ಲಿರುವ ಟಿವಿ, ಮೊಬೈಲು, ಮಿಕ್ಸಿ ಯಾವುದನ್ನೂ ನಾವು ಹೀಗೆ ನೋಡಲಾರೆವು ಅಲ್ವಾ?

ಹೀಗೆ ಎಲ್ಲವನ್ನೂ ತೆರೆದಿಡಲು ಒಂದು ಕಾರಣವೂ ಇತ್ತು. ಇವ್ರೆಯಾದ ಆ ಶಾಲೆ ಆಗ ಮುಚ್ಚುವ ಸ್ಥಿತಿಗೆ ಬಂದಿತ್ತು. ಶಾಲೆಯ ಜೊತೆಗೇ ತಮ್ಮ ಕೆಲಸವೂ ಮುಳುಗಿಹೋಗಬಾರದು ಅಂತ ಅವರು ಅದನ್ನು ಎಲ್ಲರ ಕೈಗೂ ಕೊಟ್ಟುಬಿಟ್ಟರು.

ಹಾಗಾದರೆ ಕ್ಲೋನ್ ಬೋರ್ಡು ಕೊಳ್ಳುವುದು ತಪ್ಪಲ್ವಾ?

ತಪ್ಪಲ್ಲ. ನಕ್ಷೆ ನೋಡಿ ಯಾರು ಬೇಕಾದರೂ ಬೋರ್ಡು ಮಾಡಿ ಮಾರಬಹುದು. ಆದರೆ 'ಆರ್ಡುಯಿನೋ' ಎಂಬ ಹೆಸರು ಮತ್ತು ಲೋಗೋ ಟ್ರೇಡ್‌ಮಾರ್ಕ್. ಬೇರೆಯವರು ತಮ್ಮ ಬೋರ್ಡಿನ ಮೇಲೆ ಆ ಹೆಸರು ಅಚ್ಚು ಹಾಕಿದರೆ ಅದು ನಕಲಿ ಮಾಲು. ತಮ್ಮದೇ ಹೆಸರಿನಲ್ಲಿ ಮಾರಿದರೆ ಕ್ಲೋನ್. ಈ ಎರಡರ ವ್ಯತ್ಯಾಸ ಗೊತ್ತಿರಲಿ.

ನಮ್ಮ ಭಾನುವಾರದ ಮಕ್ಕಳ ಹತ್ತಿರ ಇರುವುದು ಬಹುಪಾಲು ಕ್ಲೋನ್‌ಗಳೇ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರ ಕೈಯಲ್ಲಿ ತರಿಸಿಕೊಳ್ಳುತ್ತೇವೆ. ಚೆನ್ನಾಗಿಯೇ ಕೆಲಸ ಮಾಡುತ್ತವೆ. ಕೈಯಲ್ಲಿ ದುಡ್ಡು ಓಡಾಡುವ ಕಾಲ ಬಂದಾಗ ಒಂದಾದರೂ ಅಸಲಿ ಬೋರ್ಡು ಕೊಳ್ಳಿ ಅನ್ನುವುದು ನನ್ನ ಮಾತು. ಅಸಲಿ ಬೋರ್ಡಿನ ದುಡ್ಡಿನಲ್ಲೇ ಆ ಸಾಫ್ಟ್‌ವೇರ್ ನಡೆದುಕೊಂಡು ಬಂದಿದೆ.

ಯಾವ ಬೋರ್ಡಿನಿಂದ ಶುರು ಮಾಡಲಿ?

ಯುನೋ. ಅದರಲ್ಲೂ ಯುನೋ ಆರ್3. ಪಾಠಗಳು, ವಿಡಿಯೋಗಳು ಬಹುತೇಕ ಅದಕ್ಕೇ ಇವೆ. ಅದರಲ್ಲಿರುವುದು ಎಟಿಮೆಗಾ328ಪಿ ಚಿಪ್ಪು, ವೇಗ 16 ಮೆಗಾಹರ್ಟ್ಸ್. ಪ್ರೋಗ್ರಾಂ ಇಡಲು 32 ಕಿಲೋಬೈಟ್ ಜಾಗ (ಫ್ಲ್ಯಾಶ್), ಕೆಲಸದ ನೆನಪಿಗೆ (ರ‍್ಯಾಮ್) 2 ಕಿಲೋಬೈಟ್. ಓದಿದರೆ ಏನೇನೂ ಅಲ್ಲ ಅನಿಸುತ್ತದೆ. ಆದರೆ ಒಂದು ಎಲ್‌ಇಡಿ ಮಿನುಗಿಸುವ ಪ್ರೋಗ್ರಾಂ ಅದರಲ್ಲಿ ಒಂದು ಕಿಲೋಬೈಟ್ ಒಳಗೇ ಮುಗಿಯುತ್ತದೆ. 14 ಡಿಜಿಟಲ್ ಪಿನ್ನು, 6 ಅನಲಾಗ್ ಪಿನ್ನು ಇವೆ. ಮೊದಲ ವರ್ಷಕ್ಕೆ ಅಷ್ಟು ಧಾರಾಳ ಸಾಕು.

2023ರಲ್ಲಿ ಯುನೋ ಆರ್4 ಬಂತು. 48 ಮೆಗಾಹರ್ಟ್ಸ್, 32 ಕಿಲೋಬೈಟ್ ರ‍್ಯಾಮ್, ಟೈಪ್ ಸಿ ಕೇಬಲ್. ವೈಫೈ ಇರುವ ಮಾದರಿಯ ಮೇಲೆ 12 ಅಡ್ಡ, 8 ಉದ್ದದ ಎಲ್‌ಇಡಿ ಸಾಲುಗಳೂ ಇವೆ. ಒಳ್ಳೆಯ ಬೋರ್ಡೇ. ಆದರೂ ಕಲಿಯುವವರಿಗೆ ನಾನು ಆರ್3 ಅನ್ನೇ ಹೇಳುತ್ತೇನೆ. ಅದರ ಚಿಪ್ಪನ್ನು ಕಿತ್ತು ಹಾಕಬಹುದು ಅನ್ನುವುದು ಒಂದು ಕಾರಣ. ಆ ವಿಷಯ ಕೊನೆಯ ಪ್ರಶ್ನೆಯಲ್ಲಿದೆ.

ರಾಸ್ಪ್‌ಬೆರಿ ಪೈ ಇದ್ದರೆ ಆಗಲ್ವಾ?

ಅದು ಬೇರೆ ಜಾತಿ. ಪೈ ಒಂದು ಪೂರ್ತಿ ಕಂಪ್ಯೂಟರ್, ಅದರಲ್ಲಿ ಲಿನಕ್ಸ್ ಓಡುತ್ತದೆ. ಕ್ಯಾಮೆರಾ, ಚಿತ್ರ, ದೊಡ್ಡ ಲೆಕ್ಕ ಇದ್ದರೆ ಅದೇ ಬೇಕು. ಆರ್ಡುಯಿನೋದಲ್ಲಿ ಓಡುವುದು ನೀವು ಬರೆದ ಒಂದೇ ಪ್ರೋಗ್ರಾಂ. ಕರೆಂಟ್ ಹೋಗಿ ಬಂದರೆ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಕೆಲಸಕ್ಕೆ ನಿಲ್ಲುತ್ತದೆ. ಪೈ ಪೂರ್ತಿ ಏಳಲು ಸಮಯ ಬೇಕು. ನಡುವೆ ಕರೆಂಟ್ ಕಡಿದರೆ ಅದರ ಮೆಮೊರಿ ಕಾರ್ಡು ಕೆಡುವ ಭಯವೂ ಇದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ಆರ್ಡುಯಿನೋ ಐಡಿಇ. ಈಗಿನದು 2ನೇ ಸಾಲಿನ ಆವೃತ್ತಿ, 2022ರಲ್ಲಿ ಬಂದಿದ್ದು. ಬರೆಯುವಾಗಲೇ ಪದ ಸೂಚಿಸುತ್ತದೆ, ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಆದರೆ ಅದಕ್ಕೆ ವಿಂಡೋಸ್ 10 ಅಥವಾ ಅದರ ನಂತರದ್ದು, ಅದೂ 64 ಬಿಟ್‌ನದು ಬೇಕು. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಹಳೇ 32 ಬಿಟ್ ಕಂಪ್ಯೂಟರ್ ಇದ್ದರೆ ಬೇಜಾರು ಬೇಡ. 1.8.19 ಎಂಬ ಹಳೇ ಆವೃತ್ತಿ ಹಾಕಿಕೊಳ್ಳಿ. ಈ ಪುಟದಲ್ಲಿ ಹೇಳಿರುವುದನ್ನೆಲ್ಲ ಅದರಲ್ಲೂ ಮಾಡಬಹುದು. ಲಿನಕ್ಸ್, ಮ್ಯಾಕ್ ಎರಡಕ್ಕೂ ಸಿಗುತ್ತದೆ.

ನೀವು ಬರೆಯುವ ಪ್ರೋಗ್ರಾಮಿಗೆ ಇಲ್ಲಿ 'ಸ್ಕೆಚ್' ಅನ್ನುತ್ತಾರೆ. ಮೇಲಿನ ಟಿಕ್ ಗುರುತು ಒತ್ತಿದರೆ ತಪ್ಪಿದೆಯಾ ಅಂತ ನೋಡುತ್ತದೆ. ಬಾಣದ ಗುರುತು ಒತ್ತಿದರೆ ಬೋರ್ಡಿಗೆ ಕಳಿಸುತ್ತದೆ.

ನನಗೆ ಕೋಡಿಂಗ್ ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಕಲಿಯಬಹುದಾ?

ಖಂಡಿತ ಕಲಿಯಬಹುದು. ಭಾಷೆ ಸಿ++, ಆದರೆ ಶುರುವಿಗೆ ಬೇಕಾಗುವ ಪದಗಳು ಹತ್ತು ಹನ್ನೆರಡು ಅಷ್ಟೆ. ಪ್ರತಿ ಸ್ಕೆಚ್‌ನಲ್ಲೂ ಎರಡು ಭಾಗ. 'ಸೆಟಪ್' ಒಳಗೆ ಬರೆದದ್ದು ಕರೆಂಟ್ ಬಂದಾಗ ಒಂದೇ ಸಲ ನಡೆಯುತ್ತದೆ. 'ಲೂಪ್' ಒಳಗೆ ಬರೆದದ್ದು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ.

ಹೊಸಬರನ್ನು ಹೆದರಿಸುವುದು ತಪ್ಪಾದಾಗ ಕೆಳಗೆ ಬರುವ ಕೆಂಪು ಸಾಲುಗಳು. ಹತ್ತು ಸಾಲು ಬಂದರೂ ಮೊದಲನೆಯದನ್ನು ಮಾತ್ರ ನೋಡಿ. ಅದನ್ನು ಸರಿಮಾಡಿದರೆ ಉಳಿದವು ಎಷ್ಟೋ ಸಲ ತಾವಾಗಿ ಮಾಯವಾಗುತ್ತವೆ. ಸಾಲಿನ ಕೊನೆಗೆ ಸೆಮಿಕೋಲನ್ ಬಿಟ್ಟಿರುವುದೇ ಜಾಸ್ತಿ. ಆಗ ಐಡಿಇ ತೋರಿಸುವುದು ಮುಂದಿನ ಸಾಲನ್ನು. ತೋರಿಸಿದ ಸಾಲು ಸರಿಯಾಗಿಯೇ ಇದ್ದರೆ ಅದರ ಮೇಲಿನ ಸಾಲಿನ ಕೊನೆ ನೋಡಿ. ದೊಡ್ಡಕ್ಷರ, ಸಣ್ಣಕ್ಷರವೂ ಮುಖ್ಯ. ಒಂದು ಅಕ್ಷರ ಅದಲುಬದಲಾದರೂ ಅದಕ್ಕೆ ಅರ್ಥವಾಗುವುದಿಲ್ಲ.

ಅಪ್‌ಲೋಡ್ ಆಗ್ತಿಲ್ಲ! ಬೋರ್ಡು ಕೆಟ್ಟುಹೋಯ್ತಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಬಹಳ ಮಟ್ಟಿಗೆ ಬೋರ್ಡು ಚೆನ್ನಾಗಿಯೇ ಇರುತ್ತದೆ.

ಒಂದು ಮಳೆಗಾಲದಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ ಬಸ್ಸು ಹತ್ತಿ ಬಂದಿದ್ದ. ಬೋರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡಿದ್ದ. ಮೂರು ದಿನದಿಂದ ಅಪ್‌ಲೋಡ್ ಆಗಿಲ್ಲ, ಮನೆಯಲ್ಲಿ ಹೊಸದು ಕೊಡಿಸುವುದಿಲ್ಲ ಅಂತ ಧ್ವನಿ ಸಣ್ಣಗಾಗಿತ್ತು. ಕಂಪ್ಯೂಟರಿಗೆ ಹಾಕಿದೆವು. ಪವರ್ ಲೈಟ್ ಉರಿಯಿತು. ಆದರೆ ಬೋರ್ಡು ಯಾವ ಕಿಂಡಿಯಲ್ಲಿದೆ ಅಂತ ಐಡಿಇ ತೋರಿಸುವ ಪೋರ್ಟ್ ಪಟ್ಟಿಯಲ್ಲಿ ಏನೂ ಕಾಣಲಿಲ್ಲ. ಕೇಬಲ್ ಬದಲಾಯಿಸಿದೆ, ಅಷ್ಟೆ. ಪೋರ್ಟ್ ಕಾಣಿಸಿಕೊಂಡಿತು, ಬಾಣ ಒತ್ತಿದ ಕೂಡಲೇ ಎರಡು ಪುಟ್ಟ ಲೈಟುಗಳು ಪಟಪಟ ಮಿನುಗಿದವು, ಕೆಲಸ ಆಯಿತು. ಅವನ ಕೇಬಲ್ ಬರೀ ಚಾರ್ಜ್ ಮಾಡುವಂಥದ್ದು. ಒಳಗೆ ಕರೆಂಟಿನ ಎರಡು ತಂತಿ ಮಾತ್ರ ಇದ್ದವು. ಮಾಹಿತಿ ಹೋಗಲು ಇನ್ನೂ ಎರಡು ತಂತಿ ಬೇಕು.

ಆವತ್ತಿನಿಂದ ನಾನು ಒಂದು ಕ್ರಮ ಮಾಡಿಕೊಂಡಿದ್ದೇನೆ. ಮೊದಲು ಐಡಿಇಯ ಪೋರ್ಟ್ ಪಟ್ಟಿ ತೆರೆದು ನೋಡುತ್ತೇನೆ. ಕೇಬಲ್ ಕಿತ್ತು ಮತ್ತೆ ನೋಡುತ್ತೇನೆ. ಕಿತ್ತಾಗ ಮಾಯವಾಗಿ, ಹಾಕಿದಾಗ ಬರುವುದೇ ನಮ್ಮ ಬೋರ್ಡಿನ ಪೋರ್ಟು. ಯಾವುದೂ ಬದಲಾಗದಿದ್ದರೆ ಕೇಬಲ್ ಕೆಟ್ಟಿದೆ ಅಥವಾ ಡ್ರೈವರ್ ಇಲ್ಲ. ಕ್ಲೋನ್ ಬೋರ್ಡುಗಳಲ್ಲಿ ಯುಎಸ್‌ಬಿ ಕೆಲಸಕ್ಕೆ ಸಾಮಾನ್ಯವಾಗಿ ಸಿಎಚ್340 ಎಂಬ ಚಿಪ್ಪು ಇರುತ್ತದೆ. ವಿಂಡೋಸ್‌ಗೆ ಅದರ ಡ್ರೈವರ್ ಒಂದು ಸಲ ಹಾಕಬೇಕಾಗಬಹುದು.

ಪೋರ್ಟ್ ಕಂಡರೂ ಅಪ್‌ಲೋಡ್ ಆಗದಿದ್ದರೆ ಬೋರ್ಡಿನ ಹೆಸರು ಸರಿಯಾಗಿ ಆರಿಸಿದ್ದೀರಾ ನೋಡಿ. ನ್ಯಾನೋ ಎಂಬ ಸಣ್ಣ ಬೋರ್ಡಿನ ಕ್ಲೋನ್ ಆದರೆ ಪ್ರೊಸೆಸರ್ ಪಟ್ಟಿಯಲ್ಲಿ 'ಓಲ್ಡ್ ಬೂಟ್‌ಲೋಡರ್' ಆರಿಸಿ ನೋಡಿ, ಎಷ್ಟೋ ಸಲ ಅದರಿಂದಲೇ ಸರಿಹೋಗುತ್ತದೆ. ಪಿನ್ 0 ಮತ್ತು 1ಕ್ಕೆ ಏನಾದರೂ ಸಿಕ್ಕಿಸಿದ್ದರೆ ತೆಗೆಯಿರಿ. ಯುನೋದಲ್ಲಿ ಕಂಪ್ಯೂಟರಿನ ಜೊತೆ ಮಾತಾಡುವ ದಾರಿ ಅವೆರಡೇ. ಬ್ಲೂಟೂತ್ ಮಾಡ್ಯೂಲ್ ಅಲ್ಲಿ ಕೂತಿದ್ದರೆ ದಾರಿ ಕಟ್ಟಿದ ಹಾಗೆ. ಲಿನಕ್ಸ್‌ನಲ್ಲಿ 'ಪರ್ಮಿಶನ್ ಡಿನೈಡ್' ಅಂತ ಬಂದರೆ ನಿಮ್ಮ ಬಳಕೆದಾರ ಹೆಸರನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ಎಲ್‌ಇಡಿಗೆ ರೆಸಿಸ್ಟರ್ ಬೇಕೇಬೇಕಾ? ಇಲ್ಲದೆಯೂ ಉರಿಯಿತಲ್ಲ!

ಉರಿಯುತ್ತದೆ, ಆದರೆ ಪಿನ್ನಿನ ಮೇಲೆ ಹೊರೆ ಬೀಳುತ್ತದೆ. ಲೆಕ್ಕ ನೋಡಿ. ಪಿನ್ 5 ವೋಲ್ಟ್ ಕೊಡುತ್ತದೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಗೊಳ್ಳುತ್ತದೆ. ಉಳಿದ 3 ವೋಲ್ಟನ್ನು ಕರೆಂಟ್ ತಡೆಯುವ ರೆಸಿಸ್ಟರ್ ಹೊರಬೇಕು. 220 ಓಮ್ ಹಾಕಿದರೆ 3 ಭಾಗಿಸು 220, ಅಂದರೆ ಹತ್ತಿರ ಹತ್ತಿರ 14 ಮಿಲಿಆಂಪ್ ಹರಿಯುತ್ತದೆ. ಯುನೋದ ಒಂದು ಪಿನ್ನಿಗೆ 20 ಮಿಲಿಆಂಪ್ ಒಳ್ಳೆಯದು, 40 ದಾಟಲೇಬಾರದು. ಹಾಗಾಗಿ 220 ಓಮ್ ನೆಮ್ಮದಿ. ಆ ರೆಸಿಸ್ಟರಿನ ಮೇಲಿನ ಪಟ್ಟೆಗಳ ಬಣ್ಣ ನೆನಪಿಟ್ಟುಕೊಳ್ಳಿ: ಕೆಂಪು, ಕೆಂಪು, ಕಂದು.

ಬಟನ್ ಮುಟ್ಟದೇ ಇದ್ದರೂ ಆನ್ ಆಫ್ ಆಗುತ್ತಿದೆ, ಯಾಕೆ?

ಬಟನ್ ಒತ್ತದಿದ್ದಾಗ ಆ ಪಿನ್ನು ಯಾವುದಕ್ಕೂ ಸೇರಿರುವುದಿಲ್ಲ. ಗಾಳಿಯಲ್ಲಿ ನೇತಾಡುವ ತಂತಿಯ ಹಾಗೆ ಸುತ್ತಲಿನ ಎಲ್ಲ ಗಲಾಟೆಯನ್ನೂ ಅದು ಹಿಡಿಯುತ್ತದೆ. ನಿಮ್ಮ ಬೆರಳು ಹತ್ತಿರ ಬಂದರೂ ಸಾಕು. ಪಿನ್ನಿನ ಕೆಲಸ ಏನು ಅಂತ ಹೇಳುವ 'ಪಿನ್‌ಮೋಡ್' ಆಜ್ಞೆಯಲ್ಲಿ 'ಇನ್‌ಪುಟ್' ಬದಲು 'ಇನ್‌ಪುಟ್ ಪುಲಪ್' ಅಂತ ಬರೆಯಿರಿ. ಚಿಪ್ಪಿನ ಒಳಗೇ ಇರುವ ರೆಸಿಸ್ಟರ್ ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುತ್ತದೆ. ಬಟನ್ನಿನ ಇನ್ನೊಂದು ಕಾಲನ್ನು ಗ್ರೌಂಡಿಗೆ ಕೊಡಿ. ಈಗ ಒತ್ತಿದರೆ 'ಲೋ', ಬಿಟ್ಟರೆ 'ಹೈ'. ತಿರುಗಾಮುರುಗಾ ಅನಿಸಿದರೂ ಅದೇ ಸರಿ.

ಸೆನ್ಸರ್ 0ಯಿಂದ 1023ರವರೆಗೆ ಏನೋ ನಂಬರು ಕೊಡುತ್ತೆ. ಇದರ ಅರ್ಥ?

ಅನಲಾಗ್ ಪಿನ್ನು 0ಯಿಂದ 5 ವೋಲ್ಟನ್ನು 1024 ಮೆಟ್ಟಿಲಾಗಿ ಕತ್ತರಿಸುತ್ತದೆ. ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಎಲ್‌ಎಂ35 ಎಂಬ ಉಷ್ಣತೆಯ ಸೆನ್ಸರ್ ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಕೋಣೆ 30 ಡಿಗ್ರಿ ಇದ್ದರೆ 300 ಮಿಲಿವೋಲ್ಟ್, ಅಂದರೆ 61ನೇ ಮೆಟ್ಟಿಲು. ಮಕ್ಕಳಿಗೆ ಇದನ್ನು ಹೇಳಿದ ಮೇಲೆ ಸೆನ್ಸರನ್ನು ಎರಡು ಬೆರಳಿನ ನಡುವೆ ಹಿಡಿಯಲು ಹೇಳುತ್ತೇನೆ. ಬೋರ್ಡು ಕಳಿಸಿದ್ದನ್ನು ತೋರಿಸುವ ಐಡಿಇಯ ಸೀರಿಯಲ್ ಮಾನಿಟರಿನಲ್ಲಿ 61, 62, 64, 66 ಅಂತ ನಂಬರು ಏರುತ್ತದೆ. ತಮ್ಮ ಮೈಯ ಬಿಸಿ ನಂಬರಾಗಿ ಕಾಣುವ ಆ ಕ್ಷಣಕ್ಕೆ ಜಗುಲಿಯಲ್ಲಿ ಗಲಾಟೆಯೇ ನಿಂತುಹೋಗುತ್ತದೆ.

ಡಿಲೇ ಹಾಕಿದರೆ ಬಟನ್ ಕೆಲಸ ಮಾಡಲ್ಲ. ಏನು ಮಾಡಲಿ?

ಡಿಲೇ ಅಂದರೆ ಹಾಲು ಉಕ್ಕುವವರೆಗೆ ಒಲೆ ಮುಂದೆಯೇ ನಿಂತ ಹಾಗೆ. ಬಾಗಿಲು ಬಡಿದರೂ ಕೇಳಿಸುವುದಿಲ್ಲ. 'ಮಿಲಿಸ್' ಬಳಸಿ. ಬೋರ್ಡು ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಅದು ಹೇಳುತ್ತದೆ. ಹಿಂದಿನ ಸಲ ಲೈಟ್ ಬದಲಾಯಿಸಿದ ಹೊತ್ತು ಬರೆದಿಟ್ಟುಕೊಂಡು, ಈಗಿನ ಹೊತ್ತಿನಿಂದ ಕಳೆದು, ಸಾವಿರ ದಾಟಿದೆಯಾ ಅಂತ ನೋಡಿ. ದಾಟಿಲ್ಲ ಅಂದರೆ ಬೇರೆ ಕೆಲಸಕ್ಕೆ ಹೋಗಿ. ಈ ಎಣಿಕೆ ಸುಮಾರು 50 ದಿನಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 'ಅನ್‌ಸೈನ್ಡ್ ಲಾಂಗ್' ಎಂಬ ಬಗೆಯ ಸಂಖ್ಯೆ ಬಳಸಿ ಕಳೆಯುವ ಲೆಕ್ಕವನ್ನೇ ಮಾಡಿದರೆ ಆಗಲೂ ತೊಂದರೆ ಇಲ್ಲ.

ಮೋಟಾರ್ ತಿರುಗಿದ ಕೂಡಲೇ ಬೋರ್ಡು ರೀಸೆಟ್ ಆಗುತ್ತೆ.

ಮೋಟಾರು, ಸರ್ವೋ ಎಳೆಯುವ ಕರೆಂಟು ಜಾಸ್ತಿ. ಬೋರ್ಡಿನ 5 ವೋಲ್ಟ್ ಕುಸಿಯುತ್ತದೆ. ಮೋಟಾರಿಗೆ ಬೇರೆ ಬ್ಯಾಟರಿ ಕೊಡಿ. ಆದರೆ ಎರಡರ ಗ್ರೌಂಡನ್ನೂ ಸೇರಿಸುವುದು ಮರೆಯಬೇಡಿ. ಚೌಕದ 9 ವೋಲ್ಟ್ ಬ್ಯಾಟರಿಯಿಂದ ರೋಬೋ ಓಡಿಸಲು ಹೋಗಬೇಡಿ, ಸ್ವಲ್ಪ ಹೊತ್ತಿಗೇ ಸುಸ್ತಾಗುತ್ತದೆ.

ಲೈಬ್ರರಿ ಅಂದ್ರೇನು? ಎಲ್ಲಿ ಸಿಗುತ್ತೆ?

ಬೇರೆಯವರು ಬರೆದು ಹಂಚಿದ ಕೋಡು. ಐಡಿಇಯೊಳಗೇ ಲೈಬ್ರರಿ ಮ್ಯಾನೇಜರ್ ಇದೆ, ಸೆನ್ಸರಿನ ಹೆಸರು ಹಾಕಿ ಹುಡುಕಿ. ಹಾಕಿಕೊಂಡ ಮೇಲೆ ಮೊದಲು ಅದರ ಜೊತೆ ಬಂದ ಉದಾಹರಣೆಯನ್ನು ಹಾಗೇ ಅಪ್‌ಲೋಡ್ ಮಾಡಿ ನೋಡಿ. ಅದು ನಡೆದರೆ ವೈರಿಂಗ್ ಸರಿಯಾಗಿದೆ ಅಂತ ಅರ್ಥ.

ಕನ್ನಡದಲ್ಲಿ ಬರೆಯಬಹುದಾ? ಡಿಸ್‌ಪ್ಲೇ ಮೇಲೆ ಕನ್ನಡ ತೋರಿಸಬಹುದಾ?

ಈ ಪ್ರಶ್ನೆ ಬಂದರೆ ನನಗೆ ಬಹಳ ಖುಷಿ. ಆಜ್ಞೆಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಯುನೋಗೆ ಬರೆಯುವಾಗ ನೀವು ಇಡುವ ಹೆಸರುಗಳೂ ಹಾಗೇ. ಕನ್ನಡ ಅಕ್ಷರದಲ್ಲಿ ಹೆಸರಿಟ್ಟರೆ ಕಂಪೈಲ್ ಆಗುವುದಿಲ್ಲ. ಆದರೆ ಎರಡು ಓರೆಗೆರೆ ಹಾಕಿ ಬರೆಯುವ ಟಿಪ್ಪಣಿಗಳನ್ನು ಅಚ್ಚ ಕನ್ನಡದಲ್ಲಿ ಬರೆಯಿರಿ. "ಇಲ್ಲಿ ನೀರಿನ ಮಟ್ಟ ನೋಡುತ್ತಿದ್ದೇವೆ" ಅಂತ ಬರೆದಿದ್ದರೆ ಆರು ತಿಂಗಳು ಬಿಟ್ಟು ಓದಿದರೂ ಅರ್ಥವಾಗುತ್ತದೆ.

ಸೀರಿಯಲ್ ಮಾನಿಟರಿಗೆ ಕನ್ನಡ ವಾಕ್ಯ ಕಳಿಸಿದರೆ ಸರಿಯಾಗಿ ಕಾಣುತ್ತದೆ. ಒಂದು ಲೆಕ್ಕ ಮಾತ್ರ ಗೊತ್ತಿರಲಿ. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ನಮಸ್ಕಾರ' ಅನ್ನುವುದರಲ್ಲಿ ನ, ಮ, ಸ, ಹಲಂತ, ಕ, ದೀರ್ಘ, ರ ಹೀಗೆ ಏಳು ಸಂಕೇತ, ಒಟ್ಟು 21 ಬೈಟ್. 2 ಕಿಲೋಬೈಟ್ ರ‍್ಯಾಮ್ ಬೇಗ ತುಂಬುತ್ತದೆ. ಉದ್ದದ ವಾಕ್ಯಗಳನ್ನು 'ಎಫ್' ಮ್ಯಾಕ್ರೋದೊಳಗೆ ಹಾಕಿದರೆ ಅವು ಫ್ಲ್ಯಾಶ್‌ನಲ್ಲೇ ಉಳಿಯುತ್ತವೆ.

16 ಅಕ್ಷರ, 2 ಸಾಲಿನ ಎಲ್‌ಸಿಡಿಗೆ ಕನ್ನಡ ಬರುವುದಿಲ್ಲ. ಆದರೆ ನಮ್ಮದೇ ಎಂಟು ಅಕ್ಷರ ಬಿಡಿಸಿ ಇಡಲು ಅದರಲ್ಲಿ ಜಾಗ ಇದೆ. ಒಂದೊಂದು 5 ಅಡ್ಡ, 8 ಉದ್ದದ ಚುಕ್ಕೆಗಳ ಮನೆ. ರಂಗೋಲಿಗೆ ಚುಕ್ಕಿ ಇಡುವ ಹಾಗೆ ಚೌಕದ ಹಾಳೆಯ ಮೇಲೆ 'ರ' ಬಿಡಿಸಿ ನೋಡಿ, ಚೆನ್ನಾಗಿ ಕೂರುತ್ತದೆ. ಒತ್ತಕ್ಷರ ಕೂರುವುದಿಲ್ಲ. ಪೂರ್ತಿ ಕನ್ನಡ ಬೇಕು ಅಂದರೆ 128 ಅಡ್ಡ, 64 ಉದ್ದದ ಸಣ್ಣ ಓಎಲ್‌ಇಡಿ ಪರದೆ ತಗೊಂಡು, ಪದವನ್ನು ಚಿತ್ರವಾಗಿ ಮಾಡಿ ತೋರಿಸಿ. ನಮ್ಮ ಗುಂಪಿನ ಹುಡುಗಿಯೊಬ್ಬಳು ಅಜ್ಜಿಗಾಗಿ 'ಮಾತ್ರೆ ತಗೊಳ್ಳಿ' ಅಂತ ತೋರಿಸುವ ಪೆಟ್ಟಿಗೆ ಮಾಡಿದ್ದು ಹೀಗೇ.

ತೋಟದ ಪಂಪನ್ನು ಆರ್ಡುಯಿನೋದಿಂದ ಆನ್ ಮಾಡಬಹುದಾ?

ರೈತರ ಮನೆಯ ಮಕ್ಕಳು ಕೇಳುವ ಮೊದಲ ಪ್ರಶ್ನೆ. ರಾತ್ರಿ ಹೊತ್ತು ತ್ರೀ ಫೇಸ್ ಬಂದಾಗ ಎದ್ದು ತೋಟಕ್ಕೆ ಹೋಗುವ ಅಪ್ಪನನ್ನು ನೋಡಿಯೇ ಈ ಯೋಚನೆ ಬರುತ್ತದೆ. ಮಾಡಬಹುದು. ಆದರೆ ನನ್ನ ಮಾತು ಗಮನವಿಟ್ಟು ಕೇಳಿ.

ಅಂಗಡಿಯಲ್ಲಿ ಸಿಗುವ ನೀಲಿ ಡಬ್ಬಿಯ ರಿಲೇ (ಬೋರ್ಡಿನ ಪಿನ್ನು ಆನ್, ಆಫ್ ಮಾಡುವ ಸ್ವಿಚ್ಚು) ಮೇಲೆ 10 ಆಂಪ್, 250 ವೋಲ್ಟ್ ಅಂತ ಬರೆದಿರುತ್ತದೆ. ಅದನ್ನು ನಂಬಿ ಮೋಟಾರಿನ ಲೈನನ್ನು ನೇರವಾಗಿ ಅದರ ಮೂಲಕ ಹರಿಸಬೇಡಿ. ಮೋಟಾರು ಶುರುವಾಗುವಾಗ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ರಿಲೇ ಒಳಗಿನ ಲೋಹದ ತುದಿಗಳು ಬೆಸೆದುಕೊಂಡರೆ ಪಂಪು ನಿಲ್ಲುವುದೇ ಇಲ್ಲ. ರಿಲೇ ಕೆಲಸ ಸ್ಟಾರ್ಟರಿನ ಕಾಯಿಲ್ ಆನ್ ಮಾಡುವುದು ಮಾತ್ರ. ಮೋಟಾರಿನ ಹೊರೆ ಸ್ಟಾರ್ಟರೇ ಹೊರಲಿ. ಆ ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಓವರ್‌ಲೋಡ್ ರಿಲೇಯನ್ನು ತೆಗೆಸಬೇಡಿ. ಮಳೆಯಲ್ಲಿ, ಒದ್ದೆ ಕಾಲಲ್ಲಿ ಮುಟ್ಟಲೇಬೇಡಿ. ಮಕ್ಕಳು 12 ವೋಲ್ಟಿನ ಸಣ್ಣ ಪಂಪು ಇಟ್ಟುಕೊಂಡು ಬಕೆಟ್ಟಿನಲ್ಲಿ ಎಲ್ಲವನ್ನೂ ಕಲಿಯಲಿ. ತರ್ಕ ಅದೇ, ಜೀವಭಯ ಇಲ್ಲ.

ಇನ್ನೊಂದು ಸಂಗತಿ. ಬಹಳಷ್ಟು ರಿಲೇ ಮಾಡ್ಯೂಲುಗಳು ಪಿನ್ 'ಲೋ' ಆದಾಗ ಆನ್ ಆಗುತ್ತವೆ. ಕರೆಂಟ್ ಬಂದ ಕೂಡಲೇ ಪಂಪು ಒಮ್ಮೆ ಟಕ್ ಅಂತ ಶುರುವಾಗಬಾರದು ಅಂದರೆ ಸೆಟಪ್‌ನಲ್ಲಿ ಮೊದಲು 'ಹೈ' ಬರೆದು, ಆಮೇಲೆ ಪಿನ್ನನ್ನು 'ಔಟ್‌ಪುಟ್' ಮಾಡಿ.

ಮಣ್ಣಿನ ತೇವ ನೋಡುವ ಸೆನ್ಸರ್ ಒಂದೆರಡು ವಾರಕ್ಕೇ ಹಾಳಾಯಿತು.

ಎರಡು ಕಡ್ಡಿಯ ಫೋರ್ಕಿನ ಥರದ್ದು ಅಲ್ವಾ? ಒದ್ದೆ ಮಣ್ಣಿನಲ್ಲಿ ಸದಾ ಕರೆಂಟ್ ಹರಿದರೆ ಅದರ ಲೋಹ ಕರಗುತ್ತದೆ. ಕಿತ್ತು ನೋಡಿದರೆ ಒಂದು ಕಡ್ಡಿ ಕಪ್ಪಾಗಿ ಸವೆದಿರುತ್ತದೆ. ಅದಕ್ಕೆ ಕರೆಂಟನ್ನು ಒಂದು ಡಿಜಿಟಲ್ ಪಿನ್ನಿನಿಂದ ಕೊಡಿ. ಓದುವಾಗ ಮಾತ್ರ ಆನ್ ಮಾಡಿ, ಓದಿ ಆಫ್ ಮಾಡಿ. ಗಂಟೆಗೊಂದು ಸಲ ಓದಿದರೆ ಧಾರಾಳ ಆಯಿತು, ಮಣ್ಣೇನು ನಿಮಿಷಕ್ಕೆ ಒಣಗುವುದಿಲ್ಲ. ಹೊಸದು ಕೊಳ್ಳುವುದಾದರೆ ಕೆಪಾಸಿಟಿವ್ ಸೆನ್ಸರ್ ತಗೊಳ್ಳಿ, ಅದರ ಲೋಹ ಮಣ್ಣಿಗೆ ತಾಗುವುದಿಲ್ಲ. ಯಾವುದೇ ಸೆನ್ಸರ್ ಆದರೂ ನಿಮ್ಮ ತೋಟದ ಒಣ ಮಣ್ಣಿಗೆ ಎಷ್ಟು, ನೀರು ಬಿಟ್ಟ ಮೇಲೆ ಎಷ್ಟು ಅಂತ ನೀವೇ ಬರೆದಿಟ್ಟುಕೊಳ್ಳಬೇಕು. ಕೆಂಪು ಮಣ್ಣಿನ ನಂಬರು ಎರೆ ಮಣ್ಣಿಗೆ ಆಗಿಬರುವುದಿಲ್ಲ.

ಬೋರ್ಡು ಕೊಳ್ಳುವ ಮೊದಲು ಕಲಿಯಬಹುದಾ?

ಟಿಂಕರ್‌ಕ್ಯಾಡ್ ಮತ್ತು ವೋಕ್ವಿ ಎಂಬ ತಾಣಗಳಲ್ಲಿ ಪರದೆಯ ಮೇಲೆಯೇ ಬೋರ್ಡು, ತಂತಿ, ಎಲ್‌ಇಡಿ ಜೋಡಿಸಿ ಕೋಡು ಓಡಿಸಬಹುದು. ನಿಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಅಲ್ಲಿ ಬೋರ್ಡೇ ಇರಬಹುದು, ಮೇಷ್ಟ್ರನ್ನು ಕೇಳಿ ನೋಡಿ.

ಇಎಸ್‌ಪಿ32 ಎಂಬ ಬೇರೆ ಕಂಪನಿಯ ಬೋರ್ಡನ್ನು ಇದೇ ಐಡಿಇಯಿಂದ ಬಳಸಬಹುದಾ?

ಬಳಸಬಹುದು. ಬೋರ್ಡ್ ಮ್ಯಾನೇಜರಿನಲ್ಲಿ ಸೇರಿಸಿಕೊಳ್ಳಿ. ವೈಫೈ, ಬ್ಲೂಟೂತ್ ಅದರಲ್ಲೇ ಇವೆ. ಆದರೆ ಅದು 3.3 ವೋಲ್ಟಿನದು. ಯುನೋಗೆ ಹಾಕುತ್ತಿದ್ದ 5 ವೋಲ್ಟಿನ ಸೆನ್ಸರನ್ನು ನೇರ ಅದರ ಪಿನ್ನಿಗೆ ಕೊಟ್ಟರೆ ಚಿಪ್ಪು ಕೆಡಬಹುದು.

ಆರ್ಡುಯಿನೋವನ್ನು ದೊಡ್ಡ ಕಂಪನಿ ತಗೊಂಡಿದೆಯಂತೆ. ಮುಂದೆ ಮುಚ್ಚಿಬಿಟ್ಟರೆ?

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ವಾಲ್‌ಕಾಮ್ ಕಂಪನಿ ಆರ್ಡುಯಿನೋವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಆಗಲೇ ಯುನೋ ಕ್ಯೂ ಎಂಬ ಹೊಸ ಬೋರ್ಡೂ ಬಂತು. ಲಿನಕ್ಸ್ ಓಡಿಸುವ ಕ್ವಾಲ್‌ಕಾಮ್ ಪ್ರೊಸೆಸರ್ ಮತ್ತು ಒಂದು ಮೈಕ್ರೋಕಂಟ್ರೋಲರ್ ಎರಡೂ ಅದರ ಮೇಲಿವೆ. ನಿಮ್ಮ ಆತಂಕ ನನಗೂ ಇದೆ. ಒಡೆತನದ ಜಗಳ ಹಿಂದೆಯೂ ನಡೆದಿದೆ. ಒಂದೇ ಹೆಸರಿಗೆ ಎರಡು ಕಂಪನಿಗಳು ಕಿತ್ತಾಡಿ, 2015ರಲ್ಲಿ ಅಮೆರಿಕದ ಹೊರಗೆ ಮಾರಲು 'ಜೆನುಯಿನೋ' ಎಂಬ ಇನ್ನೊಂದು ಹೆಸರೇ ಹುಟ್ಟಿತ್ತು. 2016ರಲ್ಲಿ ರಾಜಿಯಾಯಿತು. ಆ ಎರಡು ವರ್ಷ ಜಗಳದ ನಡುವೆಯೂ ಬೋರ್ಡು ಕೊಂಡವರ ಕೆಲಸ ನಿಲ್ಲಲಿಲ್ಲ. ಯಾಕೆಂದರೆ ನಕ್ಷೆ, ಕೋಡು ಎಲ್ಲರ ಕೈಯಲ್ಲೂ ಇತ್ತು. ಒಮ್ಮೆ ತೆರೆದ ಲೈಸೆನ್ಸ್‌ನಲ್ಲಿ ಹಂಚಿದ್ದನ್ನು ಯಾರೂ ವಾಪಸ್ ಕಸಿದುಕೊಳ್ಳಲು ಬರುವುದಿಲ್ಲ. ಮುಂದೆ ಬರುವ ಬೋರ್ಡುಗಳು ಎಷ್ಟು ತೆರೆದಿರುತ್ತವೆ ಅನ್ನುವುದನ್ನು ಮಾತ್ರ ನಾವೆಲ್ಲ ಕಣ್ಣಿಟ್ಟು ನೋಡಬೇಕು.

ನನ್ನ ಯುನೋ ಸುಟ್ಟುಹೋಯಿತು. ಎಸೆಯಲಾ?

ಎಸೆಯಬೇಡಿ. ಆರ್3 ಬೋರ್ಡಿನ ಮೇಲೆ ಉದ್ದನೆಯ, ಎರಡು ಸಾಲು ಕಾಲಿನ ಚಿಪ್ಪು ಇದ್ದರೆ ಅದು ಸಾಕೆಟ್ಟಿನಲ್ಲಿ ಕೂತಿರುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಚಿಪ್ಪನ್ನು ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಮೀಟಿ ಎಬ್ಬಿಸಿ. ಒಂದೇ ಕಡೆಯಿಂದ ಎತ್ತಿದರೆ ಕಾಲು ಬಾಗುತ್ತದೆ. ಹೊಸ ಎಟಿಮೆಗಾ328ಪಿ ತಂದು, ಅರ್ಧಚಂದ್ರದ ಕಚ್ಚು ಹಳೆಯದು ಇದ್ದ ದಿಕ್ಕಿಗೇ ಬರುವಂತೆ ಕೂರಿಸಿ.

ಅಂಗಡಿಯಿಂದ ತಂದ ಬರಿ ಚಿಪ್ಪಿನಲ್ಲಿ ಬೂಟ್‌ಲೋಡರ್ (ಕಂಪ್ಯೂಟರ್ ಕಳಿಸಿದ ಸ್ಕೆಚ್ಚನ್ನು ತೆಗೆದುಕೊಳ್ಳುವ ಪುಟ್ಟ ಪ್ರೋಗ್ರಾಂ) ಇರುವುದಿಲ್ಲ, ಅಪ್‌ಲೋಡ್ ಆಗುವುದಿಲ್ಲ. ಆಗ ಸ್ನೇಹಿತರ ಯುನೋ ಒಂದನ್ನು ಕೇಳಿ ತನ್ನಿ. ಅದಕ್ಕೆ ಐಡಿಇಯ ಉದಾಹರಣೆಗಳಲ್ಲಿರುವ 'ಆರ್ಡುಯಿನೋ ಐಎಸ್‌ಪಿ' ಸ್ಕೆಚ್ ಹಾಕಿ. ಅದರ ಪಿನ್ 10ನ್ನು ನಿಮ್ಮ ಬೋರ್ಡಿನ ರೀಸೆಟ್‌ಗೆ ಕೊಡಿ. 11, 12, 13ನ್ನು ಅದೇ ನಂಬರಿನ ಪಿನ್ನುಗಳಿಗೆ, 5 ವೋಲ್ಟನ್ನು 5 ವೋಲ್ಟಿಗೆ, ಗ್ರೌಂಡನ್ನು ಗ್ರೌಂಡಿಗೆ ಸೇರಿಸಿ. ಸ್ಕೆಚ್ ಹಾಕಿ ಆದ ಮೇಲೆ ಸ್ನೇಹಿತರ ಬೋರ್ಡಿನ ರೀಸೆಟ್ ಮತ್ತು ಗ್ರೌಂಡಿನ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ, ಮೈನಸ್ ಕಾಲು ಗ್ರೌಂಡಿಗೆ. ಪ್ರೋಗ್ರಾಮರ್ ಪಟ್ಟಿಯಲ್ಲಿ 'ಆರ್ಡುಯಿನೋ ಆ್ಯಸ್ ಐಎಸ್‌ಪಿ' ಆರಿಸಿ, 'ಬರ್ನ್ ಬೂಟ್‌ಲೋಡರ್' ಒತ್ತಿ. ಒಂದು ನಿಮಿಷದೊಳಗೆ ನಿಮ್ಮ ಬೋರ್ಡಿನ 13ನೇ ಪಿನ್ನಿನ ಲೈಟು ಮಿನುಗತೊಡಗಿದರೆ ತಂತಿಗಳನ್ನು ಬಿಚ್ಚಿ, ಸ್ನೇಹಿತರ ಬೋರ್ಡನ್ನು ಅವತ್ತೇ ವಾಪಸ್ ಕೊಟ್ಟುಬಿಡಿ.